ಅಣಬೆ ನೆನೆಸಿದ ನೀರನ್ನು ಚೆಲ್ಲಬೇಡಿ

ಒಣಗಿದ ಶಿಟಾಕೆ ಅಣಬೆಯ ಪೊಟ್ಟಣ ಈಗ ನಮ್ಮ ನಗರಗಳ ದೊಡ್ಡ ದಿನಸಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಕುತೂಹಲಕ್ಕೆ ಕೊಂಡು ತಂದವರು ಸಾಮಾನ್ಯವಾಗಿ ಅದನ್ನು ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಬಿಡುತ್ತಾರೆ. ಕಂದು ಬಣ್ಣಕ್ಕೆ ತಿರುಗಿದ ನೀರನ್ನು ಸಿಂಕಿಗೆ ಸುರಿದು, ಅರೆಬರೆ ಮೆತ್ತಗಾದ ಅಣಬೆಯನ್ನು ಹೆಚ್ಚಿ ಪಲ್ಯಕ್ಕೆ ಸೇರಿಸುತ್ತಾರೆ. ತಿಂದಾಗ ರಬ್ಬರ್ ಅಗಿದ ಅನುಭವ. ಇಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ಇದೇ ರುಚಿಯೇ ಎಂದು ಪೊಟ್ಟಣ ಅಟ್ಟದ ಮೂಲೆ ಸೇರುತ್ತದೆ. ಇಲ್ಲಿ ತಪ್ಪು ಅಣಬೆಯದಲ್ಲ, ಅದನ್ನು ತರಕಾರಿ ಎಂದುಕೊಂಡದ್ದು. ಒಣ ಅಣಬೆ ಮೊದಲು ಸಾರಿನ ಪದಾರ್ಥ, ಆಮೇಲೆ ಪಲ್ಯದ ಪದಾರ್ಥ. ಅದರ ರುಚಿಯ ಬಹುಪಾಲು ಇಳಿಯುವುದು ನೀರಿಗೆ. ಈ ಮಾತು ಕನ್ನಡದ ಅಡುಗೆಮನೆಗೆ ಹೊಸದಾಗಬೇಕಾಗಿಲ್ಲ. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರು ಮಾಡುವವರು ನಾವು. ಹೋಳಿಗೆಗೆ ಬೇಳೆ ಬೇಯಿಸಿದ ದಿನ ಹೂರಣಕ್ಕಿಂತ ಕಟ್ಟಿನ ಸಾರಿಗೇ ಕಾದು ಕೂರುವವರೂ ನಮ್ಮಲ್ಲಿದ್ದಾರೆ. ಬೆಂದ ನೀರಿನ ಬೆಲೆ ಗೊತ್ತಿರುವ ಈ ಅಡುಗೆಗೆ ಒಣ ಅಣಬೆ ಸಲೀಸಾಗಿ ಹೊಂದಬೇಕು. ಹೊಂದುತ್ತದೆ ಕೂಡ, ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ.

ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರು. ಒಂದು ಕಿಲೋ ಒಣಗಿಸಿದರೆ ಕೈಗೆ ಬರುವುದು ನೂರು ಗ್ರಾಂ ಆಸುಪಾಸು. ಹಾಗಾದರೆ ಒಣ ಅಣಬೆಯ ರುಚಿ ಗಾಢವಾಗಿರುವುದು ನೀರು ಹೋಗಿ ಉಳಿದದ್ದು ಒತ್ತಾದ ಕಾರಣಕ್ಕೆ ಮಾತ್ರ ಎಂದು ಅನ್ನಿಸಬಹುದು. ಅದು ಅರ್ಧ ಸತ್ಯ. ಉಳಿದರ್ಧದ ಕಥೆ ಜಪಾನಿನಲ್ಲಿದೆ. 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಇದು ಇನ್ನೊಂದು ಮೂಲರುಚಿ ಎಂದು ವಾದಿಸಿ, ಅದನ್ನು ಉಮಾಮಿ ಎಂದು ಕರೆದರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಗಿಸಿದ ಬೊನಿಟೊ ಮೀನಿನಲ್ಲಿ ಇನೋಸಿನೇಟ್ ಎಂಬ ಇನ್ನೊಂದು ವಸ್ತುವನ್ನು ಕಂಡರು. 1957ರ ಹೊತ್ತಿಗೆ ಅಕಿರಾ ಕುನಿನಾಕಾ ಮೂರನೆಯದನ್ನು, ಅಂದರೆ ಗ್ವಾನಿಲೇಟನ್ನು ಗುರುತಿಸಿದರು. ಅದು ಸಮೃದ್ಧವಾಗಿ ಸಿಗುವುದು ಒಣ ಶಿಟಾಕೆಯಲ್ಲಿ. ಕುನಿನಾಕಾ ತೋರಿಸಿದ ಮುಖ್ಯ ಸಂಗತಿ ಇನ್ನೊಂದಿದೆ. ಗ್ಲುಟಮೇಟ್ ಮತ್ತು ಗ್ವಾನಿಲೇಟ್ ಎರಡೂ ಒಂದೇ ಪಾತ್ರೆಯಲ್ಲಿ ಸೇರಿದರೆ ರುಚಿ ಎರಡರ ಮೊತ್ತದಷ್ಟಕ್ಕೆ ನಿಲ್ಲದೆ ಎಷ್ಟೋ ಪಟ್ಟು ಏರುತ್ತದೆ. ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಟೊಮೆಟೊ ಸಾರಿಗೆ ಅಣಬೆ ನೆನೆಸಿದ ಒಂದು ಲೋಟ ನೀರು ಬಿದ್ದಾಗ ಸಾರು ಇದ್ದಕ್ಕಿದ್ದಂತೆ ಮೈತುಂಬಿಕೊಳ್ಳುವುದರ ಗುಟ್ಟು ಇದೇ.

ಈ ಗ್ವಾನಿಲೇಟ್ ಹಸಿ ಶಿಟಾಕೆಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಣಗಿದ್ದರಲ್ಲಿ ನೂರು ಗ್ರಾಂಗೆ ಸುಮಾರು 150 ಮಿಲಿಗ್ರಾಂ ಇರುತ್ತದೆ. ನೀರು ಹೋದ ಮಾತ್ರಕ್ಕೆ ಇಲ್ಲದ್ದು ಹುಟ್ಟುವುದಿಲ್ಲವಲ್ಲ! ಅಣಬೆ ಒಣಗುವಾಗ ಅದರ ಜೀವಕೋಶಗಳು ಒಡೆಯುತ್ತವೆ. ಅಲ್ಲಿಯವರೆಗೆ ಬೇರೆಬೇರೆ ಇದ್ದ ಕಿಣ್ವಗಳೂ ಆರ್‌ಎನ್‌ಎ ಕೂಡ ಒಂದಕ್ಕೊಂದು ಎದುರಾಗುತ್ತವೆ. ಕಿಣ್ವಗಳು ಆರ್‌ಎನ್‌ಎಯನ್ನು ತುಂಡರಿಸುತ್ತವೆ, ಆ ತುಂಡುಗಳಲ್ಲಿ ಒಂದು ಗ್ವಾನಿಲೇಟ್. ಈ ಕೆಲಸ ಒಣಗಿಸುವಾಗ ಮುಗಿಯುವುದಿಲ್ಲ, ನೆನೆಸಿ ಬಿಸಿ ಮಾಡುವಾಗಲೂ ಮುಂದುವರಿಯುತ್ತದೆ. ಆದ್ದರಿಂದಲೇ ನೆನೆಸುವ ಬಗೆ ಇಷ್ಟು ಮುಖ್ಯ. ಗ್ವಾನಿಲೇಟನ್ನು ಹುಟ್ಟಿಸುವ ಕಿಣ್ವ ಚುರುಕಾಗಿರುವುದು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಕೆಳಗಿನ, ಉಗುರುಬೆಚ್ಚಗಿನ ಮಟ್ಟ ಮೀರಿದ ಬಿಸಿಯಲ್ಲಿ ಇನ್ನೊಂದು ಕಿಣ್ವ ಹುಟ್ಟಿದ ಗ್ವಾನಿಲೇಟನ್ನು ಮತ್ತೆ ಒಡೆದುಹಾಕುತ್ತದೆ. ಬಿಸಿನೀರಿನಲ್ಲಿ ನೆನೆಸಿಟ್ಟು ಮರೆತರೆ ನೀರು ಆರುತ್ತಾ ಆ ಕೆಡಿಸುವ ಬಿಸಿಯಲ್ಲೇ ಬಹಳ ಹೊತ್ತು ನಿಲ್ಲುತ್ತದೆ. ಜಪಾನಿನ ಅಡುಗೆಯವರು ತಣ್ಣೀರಿನಲ್ಲಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿಟ್ಟು, ರಾತ್ರಿಯಿಡೀ ನೆನೆಸುವುದು ಇದೇ ಕಾರಣಕ್ಕೆ. ತಣ್ಣಗಿರುವಾಗ ಕೆಡಿಸುವ ಕಿಣ್ವ ಸುಮ್ಮನಿರುತ್ತದೆ, ಅಣಬೆ ನಿಧಾನವಾಗಿ ಒಳಗಿನವರೆಗೂ ನೀರು ಕುಡಿಯುತ್ತದೆ. ಬೆಳಗ್ಗೆ ಅದೇ ನೀರಿನಲ್ಲಿ ಅಣಬೆಯನ್ನು ಸಣ್ಣ ಉರಿಯಲ್ಲಿಟ್ಟು ಕುದಿಗೆ ತಂದರೆ ಸಾಕು. ತೆಳ್ಳಗೆ ಅರಳಿದ ಅಣಬೆಗೆ ಐದಾರು ಗಂಟೆ, ಜಪಾನಿನವರು ಡೊಂಕೊ ಎನ್ನುವ ದಪ್ಪ, ಮುಚ್ಚಿದ ಕೊಡೆಯ ಅಣಬೆಗೆ ಪೂರ್ತಿ ಒಂದು ರಾತ್ರಿ ಬೇಕು. ಅವಸರಕ್ಕೆ ಒಗ್ಗುವ ಪದಾರ್ಥವಲ್ಲ ಇದು. ಆದರೆ ರಾತ್ರಿ ಹೆಸರುಕಾಳು ನೆನೆಹಾಕುವ ಮನೆಯಲ್ಲಿ ನಾಲ್ಕು ಅಣಬೆ ನೆನೆಹಾಕುವುದು ಹೆಚ್ಚುವರಿ ಕೆಲಸವೂ ಅಲ್ಲ.

ಪರಿಮಳದ ವಿಚಾರ ಬೇರೆ. ಶಿಟಾಕೆಯ ಆ ವಿಶಿಷ್ಟ ಗಂಧಕದಂಥ ಘಾಟನ್ನು ಕೊಡುವ ಲೆಂತಿಯೊನಿನ್ ಎಂಬ ವಸ್ತುವನ್ನು ಜಪಾನಿನ ವಿಜ್ಞಾನಿಗಳು ಬೇರ್ಪಡಿಸಿದ್ದು 1966ರಲ್ಲಿ. ಅದೂ ಕಿಣ್ವದ ಕೆಲಸದಿಂದಲೇ ಮೂಡುವಂಥದ್ದು. ಇತ್ತ ಹಸಿ ಅಣಬೆಯನ್ನು ಮುರಿದಾಗ ಬರುವ, ಮಳೆಗೆ ನೆನೆದ ಮಣ್ಣನ್ನೂ ಎಲೆಗೊಬ್ಬರವನ್ನೂ ನೆನಪಿಸುವ ವಾಸನೆಗೆ ಮುಖ್ಯ ಕಾರಣ ಆಕ್ಟೆನಾಲ್ ಎಂಬ ಆವಿಯಾಗುವ ಮದ್ಯಸಾರ. ಅಂಗಾಂಶ ಗಾಯಗೊಂಡಾಗ ಅದರ ಕೊಬ್ಬಿನಿಂದ ಅದು ಹುಟ್ಟುತ್ತದೆ, ಒಣಗಿಸಿದರೆ ಬಹುಪಾಲು ಹಾರಿಹೋಗುತ್ತದೆ. ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ತಾಜಾ ಇದ್ದದ್ದೇ ಉತ್ತಮ, ಒಣಗಿಸಿದ್ದು ಯಾವತ್ತಿದ್ದರೂ ಎರಡನೆಯ ದರ್ಜೆ ಎನ್ನುವ ಮಾತು ಅದು. ಆಕ್ಟೆನಾಲ್‌ನ ಮಟ್ಟಿಗೆ ಈ ಮಾತು ಸರಿ. ಹಸಿ ಅಣಬೆಯ ಪರಿಮಳವನ್ನು ಒಣ ಅಣಬೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಒಣಗಿದ್ದರಲ್ಲಿ ಇರುವುದು ಹಸಿಯದರ ಸವಕಲು ರೂಪವಲ್ಲ. ಹಸಿಯಲ್ಲಿ ಇರದಿದ್ದ ರುಚಿ ಅಲ್ಲಿ ಹೊಸದಾಗಿ ತಯಾರಾಗಿದೆ. ಕರಾವಳಿಯ ಒಣಮೀನನ್ನಾಗಲಿ ಪುನರ್ಪುಳಿಯ ಒಣಸಿಪ್ಪೆಯನ್ನಾಗಲಿ ಯಾರೂ ತಾಜಾ ಮೀನಿನ, ತಾಜಾ ಹಣ್ಣಿನ ಬದಲಿ ಎಂದು ತಿನ್ನುವುದಿಲ್ಲ. ಅವುಗಳ ಜಾಗವೇ ಬೇರೆ. ಒಣ ಅಣಬೆಗೂ ಆ ಜಾಗವನ್ನೇ ಕೊಡಬೇಕು.

ಹಸಿಯಾಗಿಯೇ ತಿನ್ನಬೇಕಾದ ಅಣಬೆಗಳಿವೆ, ಅವುಗಳಲ್ಲಿ ನಮ್ಮ ನೆಲದವೇ ಶ್ರೇಷ್ಠ. ಮುಂಗಾರಿನ ಗುಡುಗು ಮಳೆ ಬಿದ್ದ ಮೇಲೆ ಮಲೆನಾಡಿನ ಹುತ್ತಗಳ ಸುತ್ತ ಏಳುವ ಅಣಬೆಗಳು ಗೆದ್ದಲಿನ ಬೇಸಾಯದ ಫಲ. ಕೆಲವು ಜಾತಿಯ ಗೆದ್ದಲುಗಳು ನೆಲದೊಳಗೆ ಅಗಿದ ಕಟ್ಟಿಗೆ, ಎಲೆಗಳಿಂದ ತೋಟ ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಕುಲದ ಶಿಲೀಂಧ್ರವನ್ನು ಬೆಳೆಸುತ್ತವೆ. ತಾವು ಅರಗಿಸಿಕೊಳ್ಳಲಾರದ ಕಟ್ಟಿಗೆಯನ್ನು ಆ ಶಿಲೀಂಧ್ರದಿಂದ ಜೀರ್ಣ ಮಾಡಿಸಿಕೊಂಡು, ಅದನ್ನೇ ಉಣ್ಣುತ್ತವೆ. ಮಳೆಗಾಲದಲ್ಲಿ ಆ ಶಿಲೀಂಧ್ರ ಬೇರಿನಂಥ ಉದ್ದ ಕಾಲನ್ನು ನೀಡಿ ನೆಲದ ಮೇಲೆ ಕೊಡೆ ಬಿಚ್ಚುತ್ತದೆ. ಗೆದ್ದಲಿನ ಸಹವಾಸವಿಲ್ಲದೆ ಇದನ್ನು ವಾಣಿಜ್ಯ ಮಟ್ಟದಲ್ಲಿ ಬೆಳೆಸಲು ಇದುವರೆಗೆ ಮನುಷ್ಯನಿಗೆ ಆಗಿಲ್ಲ. ತುಳುನಾಡಿನ ಕಲ್ಲಲಂಬು ಇನ್ನೊಂದು ಬಗೆ. ಮಳೆಗಾಲದ ಆರಂಭದಲ್ಲಿ ಮಣ್ಣಿನಡಿ ಗೋಲಿಯಂತೆ ಸಿಗುವ ಅದು ಕಾಡುಮರದ ಬೇರಿನೊಂದಿಗೆ ಕೂಡಿ ಬದುಕುವುದರಿಂದ ಅದನ್ನೂ ಕೊಟ್ಟಿಗೆಯಲ್ಲಿ ಬೆಳೆಸಲಾಗದು. ಒಳಗು ಬೆಳ್ಳಗಿರುವ ಎಳೆಯದನ್ನಷ್ಟೇ ತಿನ್ನುತ್ತಾರೆ, ಕಪ್ಪಾದದ್ದನ್ನು ಎಸೆಯುತ್ತಾರೆ. ಹುರಿದ ತೆಂಗಿನಕಾಯಿಯ ಮಸಾಲೆಯಲ್ಲಿ ಅದರ ಗಸಿ, ಕೊಡಗಿನಲ್ಲಿ ಕಾಳುಮೆಣಸು ಹಾಕಿದ ಕುಮ್ಮು ಕರಿ, ಇವೆಲ್ಲ ವರ್ಷದಲ್ಲಿ ಕೆಲವೇ ವಾರದ ಭಾಗ್ಯ. ಇಂಥ ಅಣಬೆಗೆ ಮಸಾಲೆ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗರಂ ಮಸಾಲೆ, ಬೆಳ್ಳುಳ್ಳಿ ಸುರಿದು ಹುತ್ತದಣಬೆ ಬೇಯಿಸುವವರು ಅಂಗಡಿಯ ಬಟನ್ ಅಣಬೆಯನ್ನೇ ತಂದು ಬೇಯಿಸಬಹುದಿತ್ತು.

ಕಾಡಿನ ಅಣಬೆಗೆ ಇಷ್ಟು ರುಚಿಯಿದ್ದರೆ ನಾವೇ ಹೋಗಿ ಆರಿಸಿ ತಂದರೇನು ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಆ ಊರಿನ, ಆ ಕಾಡಿನ ಅಣಬೆಯನ್ನು ವರ್ಷವರ್ಷವೂ ಕಿತ್ತು ತಿಂದು ಬಲ್ಲವರ ಜೊತೆಗಲ್ಲದೆ ಬೇಡ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹಲವರು ಚಹಾ ತೋಟಗಳ ಕುಟುಂಬದವರು, ಅಣಬೆ ತಿಂದೇ ಬೆಳೆದವರು. ಮಾರಕ ಅಣಬೆಗಳ ಅಮಾಟಾಕ್ಸಿನ್ ಎಂಬ ವಿಷ ತಿಂದ ಕೂಡಲೇ ಸುಳಿವು ಕೊಡುವುದಿಲ್ಲ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ತಡವಾಗಿ ವಾಂತಿ ಭೇದಿ ಶುರುವಾಗುತ್ತದೆ. ನಡುವೆ ಒಂದು ದಿನ ಸುಧಾರಿಸಿದಂತೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಸೋಲುತ್ತಿರುತ್ತದೆ. ಹುಳ ಹತ್ತಿದ ಅಣಬೆ ವಿಷವಲ್ಲ, ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು, ಅಕ್ಕಿಯೋ ಬೆಳ್ಳುಳ್ಳಿಯೋ ಬಣ್ಣ ಬದಲಿಸದಿದ್ದರೆ ಸುರಕ್ಷಿತ ಎಂದೆಲ್ಲ ಹೇಳುವ ಪರೀಕ್ಷೆಗಳಲ್ಲಿ ಒಂದೂ ನಂಬುವಂಥದ್ದಲ್ಲ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ಆರಾಮವಾಗಿ ತಿನ್ನುತ್ತದೆ.

ನಮ್ಮ ಹಿರಿಯರು ತಲೆಮಾರುಗಳಿಂದ ತಿಂದು ಬದುಕಲಿಲ್ಲವೇ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬದುಕಿದರು, ಅವರ ತಿಳಿವಳಿಕೆ ನಿಜವಾದದ್ದೇ. ಆದರೆ ಅದು ಊರಿಗೆ ಕಟ್ಟುಬಿದ್ದ ತಿಳಿವಳಿಕೆ. ಯಾವ ಹುತ್ತ, ಯಾವ ಮರದ ಬುಡ, ಯಾವ ಮಳೆಯ ನಂತರ ಎಂಬುದೆಲ್ಲ ಸೇರಿ ಆದದ್ದು. ಊರು ಬದಲಾದರೆ ಅದೇ ತಿಳಿವಳಿಕೆ ಮೋಸ ಮಾಡುತ್ತದೆ. 2012ರ ಹೊಸವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೆತ್ ಕ್ಯಾಪ್ ಎಂಬ ಮಾರಕ ಅಣಬೆ ತಿಂದು ಇಬ್ಬರು ಸತ್ತರು. ಅವರಲ್ಲೊಬ್ಬರು ಚೀನಾದಿಂದ ಬಂದಿದ್ದ ವೃತ್ತಿನಿರತ ಬಾಣಸಿಗ. ಏಷ್ಯಾದಲ್ಲಿ ತಿನ್ನುವ ಭತ್ತದ ಹುಲ್ಲಿನ ಅಣಬೆಯ ಎಳೆಯ ರೂಪಕ್ಕೂ ಡೆತ್ ಕ್ಯಾಪ್‌ನ ಎಳೆಯ ರೂಪಕ್ಕೂ ಇರುವ ಹೋಲಿಕೆ ಹೊರದೇಶಗಳಿಗೆ ಹೋದ ಏಷ್ಯಾದವರನ್ನು ಹೀಗೆ ಮತ್ತೆಮತ್ತೆ ಬಲಿ ತೆಗೆದುಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲೋ ಮೆಲ್ಬರ್ನ್‌ನಲ್ಲೋ ನೆಲೆಸಿ, ಉದ್ಯಾನದ ಓಕ್ ಮರದಡಿ ಬಿಳಿ ಕೊಡೆ ಕಂಡು ಊರಿನ ಮಳೆಗಾಲ ನೆನೆಯುವ ಕನ್ನಡಿಗರು ಇದನ್ನು ಮುಖ್ಯವಾಗಿ ಗಮನಿಸಬೇಕು. ಆ ಎರಡೂ ಕಡೆ ಡೆತ್ ಕ್ಯಾಪ್ ಓಕ್ ಮರದ ಬುಡದಲ್ಲೇ ಏಳುತ್ತದೆ.

ಒಣಗಿಸಿದರೆ ಅಥವಾ ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಯೂ ಅಷ್ಟೇ ಅಪಾಯಕಾರಿ. ಅಮಾಟಾಕ್ಸಿನ್ ಕುದಿಗೂ ಬಗ್ಗುವುದಿಲ್ಲ, ಬಿಸಿಲಿಗೂ ಬಗ್ಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹಸಿಯಾಗಿ ತಿಂದರೆ ಕೆಡುಕು ಮಾಡಿ, ಬೆಂದ ಮೇಲೆ ತಿನ್ನಲು ಯೋಗ್ಯವಾಗುವ ಅಣಬೆಗಳೂ ಇವೆ. ಹಿಮಾಲಯದ ಕಾಡುಗಳಲ್ಲಿ ಆರಿಸಿ, ದಾರಕ್ಕೆ ಪೋಣಿಸಿ ಒಣಗಿಸಿ ಮಾರುವ ಗುಚ್ಛಿ ಅಂಥದ್ದು. ಕಿಲೋಗೆ ಹತ್ತಾರು ಸಾವಿರ ರೂಪಾಯಿ ಬಾಳುವ ಈ ಅಣಬೆಯನ್ನು ಪುಲಾವಿಗೆ ಬಳಸುವವರು ಒಂದು ಘಟನೆ ನೆನಪಿಡಬೇಕು. 2023ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೋಝ್‌ಮನ್ ಪಟ್ಟಣದ ಹೋಟೆಲೊಂದರಲ್ಲಿ ಇದೇ ಕುಲದ ಮೊರೆಲ್ ಅಣಬೆಯನ್ನು ಹಸಿಯಾಗಿಯೂ ಅರೆಬೇಯಿಸಿಯೂ ಬಡಿಸಿದ್ದರಿಂದ 51 ಮಂದಿ ಅಸ್ವಸ್ಥರಾಗಿ ಇಬ್ಬರು ಸತ್ತರು. ಗುಚ್ಛಿಯ ಒಳಗು ಪೊಳ್ಳಾದ್ದರಿಂದ ಮರಳು ಸೇರಿರುತ್ತದೆ, ಸೀಳಿ ತೊಳೆಯಬೇಕು. ನೆನೆಸಿದ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ಪೂರ್ತಿ ಕುದಿಸದೆ ಬಳಸಬಾರದು. ಶಿಟಾಕೆಯನ್ನೂ ಅರೆಬೇಯಿಸಿ ತಿಂದರೆ ಕೆಲವರಿಗೆ ಮೈಮೇಲೆ ಚಾಟಿಯಲ್ಲಿ ಹೊಡೆದಂತೆ ಗೀರುಗೀರಾದ ದದ್ದು ಏಳುತ್ತದೆ. ಯಾವ ಅಣಬೆಯಾದರೂ ಚೆನ್ನಾಗಿ ಬೇಯಲಿ.

ಬೇಯಿಸಿದರೆ ರಬ್ಬರಾಗುತ್ತದಲ್ಲ ಎನ್ನುವವರಿಗೆ ಸಮಾಧಾನದ ಸಂಗತಿಯಿದೆ. ತರಕಾರಿಯ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಬಿಸಿಗೆ ಕರಗುತ್ತದೆ, ಅದಕ್ಕೇ ಸೋರೆಕಾಯಿ ಹೆಚ್ಚು ಬೆಂದರೆ ಕಲಸಿಹೋಗುತ್ತದೆ. ಅಣಬೆಯ ಕೋಶಭಿತ್ತಿಯಲ್ಲಿರುವುದು ಕೈಟಿನ್, ಸೀಗಡಿ ಏಡಿಗಳ ಚಿಪ್ಪಿನಲ್ಲಿರುವಂಥದ್ದೇ. ಅದು ಅಡುಗೆಯ ಬಿಸಿಗೆ ಕರಗದು. ಹಾಗಾಗಿ ಅಣಬೆಯನ್ನು ಹೆಚ್ಚು ಬೇಯಿಸಿ ಕೆಡಿಸುವುದು ಬಹಳ ಕಷ್ಟ. ರಬ್ಬರಾಗುವುದು ನೆನೆದದ್ದು ಸಾಲದಿದ್ದಾಗ. ಶಿಟಾಕೆಯ ಕಾಲು ಮಾತ್ರ ಎಷ್ಟು ಬೆಂದರೂ ನಾರು ನಾರು. ಅದನ್ನು ಕತ್ತರಿಸಿ ನೀರಿನಲ್ಲಿ ಕುದಿಸಿ ರಸ ಇಳಿಸಿಕೊಂಡು ತೆಗೆದುಬಿಡಿ.

ಒಂದು ಚಿಟಿಕೆ ಅಜಿನೊಮೊಟೊ ಹಾಕಿದರೆ ಇದೇ ಕೆಲಸ ಆಗುವುದಿಲ್ಲವೇ ಎಂಬುದು ನ್ಯಾಯವಾದ ಆಕ್ಷೇಪ. ಇಕೆಡಾ ಅವರ ಶೋಧದಿಂದಲೇ 1909ರಲ್ಲಿ ಮಾರಾಟಕ್ಕೆ ಬಂದ ಆ ಪುಡಿ ಜನ ಹೆದರುವಂಥ ವಿಷವಲ್ಲ. ಅದರಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲಿರುವ ಗ್ಲುಟಮೇಟೇ. ಆದರೆ ಅದು ಬರೀ ಗ್ಲುಟಮೇಟ್. ಕುರುಕಲು ತಿಂಡಿಗಳ ಪೊಟ್ಟಣದ ಹಿಂದೆ 627, 631 ಎಂಬ ಸಂಖ್ಯೆಗಳನ್ನು ನೋಡಿರಬಹುದು. ಅವು ಗ್ವಾನಿಲೇಟ್ ಮತ್ತು ಇನೋಸಿನೇಟ್. ತಯಾರಕರಿಗೂ ಜೋಡಿರುಚಿಯ ಲೆಕ್ಕ ಚೆನ್ನಾಗಿ ಗೊತ್ತು. ಒಣ ಅಣಬೆ ಗ್ಲುಟಮೇಟ್, ಗ್ವಾನಿಲೇಟ್ ಎರಡನ್ನೂ ಒಟ್ಟಿಗೆ ತರುತ್ತದೆ, ಜೊತೆಗೆ ಪರಿಮಳವನ್ನೂ ಬಣ್ಣವನ್ನೂ ಕೊಡುತ್ತದೆ. ಪುಡಿ ಕೊಡುವುದು ನಾಲಿಗೆಗಷ್ಟೇ, ಅಣಬೆಯ ನೀರು ಮೂಗಿಗೂ ಕೊಡುತ್ತದೆ.

ನಾಲ್ಕು ಜನರ ಸಾರಿಗೆ ಮೂರು ನಾಲ್ಕು ಒಣ ಶಿಟಾಕೆ, ಅರ್ಧ ಲೀಟರ್ ನೀರು ಸಾಕು. ಬೇಳೆ ಬೆಂದ ಮೇಲೆ ಮಾಮೂಲಿ ನೀರಿನ ಬದಲು ಇದನ್ನು ಸೇರಿಸಿ. ತಳದಲ್ಲಿ ಕೂತ ಕಸರು ಬೀಳದಂತೆ ಮೇಲಿನದನ್ನು ಬಗ್ಗಿಸಿಕೊಂಡರೆ ಆಯಿತು. ಸಾರಿನ ಪುಡಿಯನ್ನು ಅರ್ಧಕ್ಕೆ ಇಳಿಸಿ, ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ. ಉಮಾಮಿ ಗಟ್ಟಿಯಿದ್ದಾಗ ಉಪ್ಪು ಕಡಿಮೆ ಸಾಕಾಗುತ್ತದೆ, ರಕ್ತದೊತ್ತಡವಿರುವವರ ಮನೆಯಲ್ಲಿ ಇದು ಸಣ್ಣ ಲಾಭವಲ್ಲ. ಹುಣಸೆಹುಳಿ ಹೆಚ್ಚಾದರೆ ಅಣಬೆಯ ರುಚಿ ಅಡಗುತ್ತದೆ, ಟೊಮೆಟೊ ಹುಳಿಯೇ ಇದಕ್ಕೆ ಒಳ್ಳೆಯ ಜೊತೆ. ತುಪ್ಪದ ಒಗ್ಗರಣೆಗೆ ಕಾಳುಮೆಣಸು, ಕರಿಬೇವು ಸಾಕು, ಇಂಗು ಬೇಡ. ನೆನೆದ ಅಣಬೆಯನ್ನು ತೆಳ್ಳಗೆ ಹೆಚ್ಚಿ ತುಪ್ಪದಲ್ಲಿ ಅಂಚು ಕೆಂಪಾಗುವಂತೆ ಹುರಿದು ಸಾರಿಗೂ ಹಾಕಬಹುದು, ಅನ್ನಕ್ಕೂ ಕಲಸಬಹುದು. ಹುರುಳಿಕಟ್ಟಿನ ಸಾರಿಗೆ, ತರಕಾರಿ ಪಲಾವಿಗೆ, ಮಾಂಸ ತಿನ್ನದವರ ಸಾಗುವಿಗೆ ಈ ನೀರು ಹೊಂದುತ್ತದೆ. ತಿಳಿ ಮಜ್ಜಿಗೆಹುಳಿಗೆ ಮಾತ್ರ ಹೊಂದದು.

ಎಲ್ಲ ಸರಿ, ಬೆಲೆ ಏನು ಎಂದು ಕೇಳುವವರಿದ್ದಾರೆ. ಪೊಟ್ಟಣದ ಬೆಲೆ ನೋಡಿದರೆ ದುಬಾರಿ, ಒಂದು ಸಾರಿಗೆ ಹದಿನೈದು ಗ್ರಾಂ ಎಂದು ಲೆಕ್ಕ ಹಾಕಿದರೆ ಅಷ್ಟಲ್ಲ. ಇನ್ನೂ ಅಗ್ಗದ ದಾರಿ ಮನೆಯಲ್ಲೇ ಒಣಗಿಸುವುದು. ಶಿಟಾಕೆಯಷ್ಟು ಗ್ವಾನಿಲೇಟ್ ಬೇರೆ ಅಣಬೆಗಳಲ್ಲಿ ಮೂಡುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಚಿಪ್ಪಣಬೆಯಾಗಲಿ ಬಟನ್ ಅಣಬೆಯಾಗಲಿ ಒಣಗಿದಾಗ ಗ್ಲುಟಮೇಟ್ ಒತ್ತಾಗಿ, ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಹುರಿದ ಪದಾರ್ಥದಂಥ ಪರಿಮಳ ಮೂಡುತ್ತದೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ಒಂದರ ಮೇಲೊಂದು ಬೀಳದಂತೆ ಹರಡಿ, ಬೇಸಿಗೆಯಲ್ಲಾದರೆ ತೆಳುಬಟ್ಟೆ ಮುಚ್ಚಿ ಬಿಸಿಲಿಗಿಡಿ. ಕತ್ತರಿಸಿದ ಅಣಬೆಗೆ ಮಧ್ಯಾಹ್ನದ ಬಿಸಿಲು ತಾಗಿದರೆ ಅದರಲ್ಲಿರುವ ಎರ್ಗೊಸ್ಟೆರಾಲ್ ಡಿ2 ಜೀವಸತ್ವವಾಗಿ ಬದಲಾಗುತ್ತದೆ. ಸಸ್ಯಾಹಾರಿಗಳಿಗೆ ಆಹಾರದಲ್ಲಿ ಈ ಜೀವಸತ್ವ ಸಿಗುವ ಕೆಲವೇ ದಾರಿಗಳಲ್ಲಿ ಇದೊಂದು. ಮಳೆಗಾಲದಲ್ಲಿ ಬಿಸಿಲನ್ನು ನಂಬಬೇಡಿ. ನಿಧಾನವಾಗಿ ಒಣಗುವ ಅಣಬೆ ಒಣಗುವ ಮೊದಲೇ ಹಳಸುತ್ತದೆ. ಓವನ್ನನ್ನು 55-60 ಡಿಗ್ರಿಗೆ ಇಟ್ಟು, ಬಾಗಿಲು ಸ್ವಲ್ಪ ತೆರೆದು ಆರೆಂಟು ಗಂಟೆ ಬಿಡುವುದು ವಾಸಿ. ತುಂಡು ಬಗ್ಗದೆ ಪಟ್ಟೆಂದು ಮುರಿಯಬೇಕು, ಬಗ್ಗಿದರೆ ಒಳಗೆ ತೇವವಿದೆ, ಡಬ್ಬಿಯಲ್ಲಿ ಬೂಸಲು ಹಿಡಿಯುತ್ತದೆ. ಪೂರ್ತಿ ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡರೆ ನೆನೆಸುವ ಗೊಡವೆಯೂ ಇಲ್ಲ, ಕುದಿಯುವ ಹುಳಿಗೆ ಒಂದು ಚಮಚ ಹಾಕಿ ಐದು ನಿಮಿಷ ಬೇಯಿಸಿದರೆ ಸಾಕು.

ಒಣ ಅಣಬೆ ಕೊಳ್ಳುವಾಗ ಯಾವ ಜಾತಿ, ಎಲ್ಲಿ ಬೆಳೆದದ್ದು ಎಂದು ಮೇಲೆ ಬರೆದಿರದ, ಕಾಡಿನದು ಎಂದಷ್ಟೇ ಹೇಳಿ ಮಾರುವ ಮಿಶ್ರ ಪೊಟ್ಟಣವನ್ನು ಕೊಳ್ಳಬೇಡಿ. ಅದರ ಬದಲು ಹತ್ತಿರದ ಬೆಳೆಗಾರರನ್ನು ಹುಡುಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೇಸಾಯದ ತರಬೇತಿಯನ್ನೂ ಬೀಜವನ್ನೂ ಕೊಡುತ್ತದೆ. ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ಸಣ್ಣ ರೈತರು, ಮಹಿಳಾ ಸಂಘಗಳು ರಾಜ್ಯದ ಹಲವು ಕಡೆ ಇದ್ದಾರೆ. ಹಸಿ ಚಿಪ್ಪಣಬೆ ಒಂದೆರಡು ದಿನದಲ್ಲಿ ಬಾಡುವುದರಿಂದ ಮಾರಾಟವಾಗದೆ ಉಳಿದದ್ದು ಅವರಿಗೆ ನಷ್ಟ. ಮುಂದಿನ ಸಲ ಅವರಲ್ಲಿಗೆ ಹೋದಾಗ ಒಣಗಿಸಿದ್ದು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಣಗಿಸಿ ಕೊಡಲು ಹೇಳಿ, ಕೇಳುವವರಿದ್ದರೆ ಅವರು ಒಣಗಿಸುತ್ತಾರೆ.